ಕಿಲ್ನ್‌ಗೆ ಹಬ್ಬವಿಲ್ಲ

ಶರದೃತು ಬಂತೆಂದರೆ ಕವಿಗಳಿಗೆ ಬೆಳದಿಂಗಳು, ತಾವರೆ, ಹಂಸ. ಮಳಖೇಡ-ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯವರಿಗೆ ಅದು ರಜೆ ಅರ್ಜಿಗಳ ಸುಗ್ಗಿ. ಸೆಪ್ಟೆಂಬರ್ 17ಕ್ಕೆ ಧ್ವಜ ಏರಿಸಿ (1948ರ ಆ ದಿನವೇ ನಿಜಾಮನ ಕಾಟ ಮುಗಿದದ್ದು) ಬೂಂದಿ ತಿಂದಲ್ಲಿಂದ ಶುರುವಾದ ಸಾಲು, ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯನ್ನು ಮಕ್ಕಳು ಕಡಿದು ಮುಗಿಸುವವರೆಗೆ ನಿಲ್ಲುವುದಿಲ್ಲ.

ನಿಲ್ಲದ್ದು ಇನ್ನೊಂದಿದೆ, ನಮ್ಮ ಕಿಲ್ನ್. ಸುಣ್ಣದ ಕಲ್ಲನ್ನು 1450 ಡಿಗ್ರಿಯಲ್ಲಿ ಬೇಯಿಸುತ್ತ ಹಗಲೂ ರಾತ್ರಿ ತಿರುಗುವ ಭಟ್ಟಿ. ಹಬ್ಬ ಬಂತೆಂದು ಆರಿಸಿದರೆ ಒಳಗಿನ ಇಟ್ಟಿಗೆ ಬಿರಿಯುತ್ತದೆ. ಹಾಗಾಗಿ ಯಾರಾದರೊಬ್ಬರು ಕಾಯುತ್ತ ಕೂರಲೇಬೇಕು. ಯಾರು ಎಂಬುದಷ್ಟೇ ನಮ್ಮ ಶಿಫ್ಟಿನ ಧರ್ಮಶಾಸ್ತ್ರ.

ನನ್ನ ದಸರೆಗೆ ಶಹಾಬಾದಿನ ಭಾಯಿ ಡ್ಯೂಟಿ ಮಾಡುತ್ತಾರೆ, ಅವರ ಈದಿಗೆ ನಾನು. ಸೇಡಂನ ತೆಲುಗು ಮನೆಯ ಅಳಿಯ ನವರಾತ್ರಿ ಪೂರ್ತಿ ತಡವಾಗಿ ಬರುತ್ತಾನೆ. ಹೆಂಡತಿಯ ಬತುಕಮ್ಮಕ್ಕೆ ತಂಗಡಿ ಹೂ ತರದೆ ಅವನಿಗೆ ಬುತ್ತಿ ಸಿಗುವುದಿಲ್ಲ. ಚಿಂಚೋಳಿ ತಾಂಡಾದ ಹುಡುಗನಿಗೆ ದೀಪಾವಳಿ ಸಾಕು. ಅಂದು ತಾಂಡಾದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ 'ಮೇರಾ' ಹಾಡುತ್ತಾರೆ, ಅಣ್ಣ ರೊಕ್ಕ ಹಾಕದಿದ್ದರೆ ಮುಂದಿನ ದೀಪಾವಳಿವರೆಗೆ ಮಾತು ಕೇಳಬೇಕು. ಅದೇ ದಿನ ಲೆಕ್ಕದ ವಿಭಾಗದ ಜೈನರಿಗೂ ಬೇಕು, ಮಹಾವೀರರ ನಿರ್ವಾಣದ ದಿನ.

ವಾಡಿಯ ತಮ್ಮನದು ಬೇರೆ ದಾರಿ. ದಸರೆ ಬಂದರೆ ಅವನು ನಾಗಪುರಕ್ಕೆ ರೈಲು ಹತ್ತುತ್ತಾನೆ. 1956ರ ಅಶೋಕ ವಿಜಯದಶಮಿಯಂದು ಅಂಬೇಡ್ಕರ್ ಬೌದ್ಧ ದೀಕ್ಷೆ ತೆಗೆದುಕೊಂಡದ್ದು ಅಲ್ಲಿ. ನಾನೊಮ್ಮೆ ಕೇಳಿದೆ: "ಅಶೋಕ ನಮ್ಮ ಚಿತ್ತಾಪುರ ತಾಲೂಕಿನ ಕನಗನಹಳ್ಳಿಯಾಗೇ ಕಲ್ಲಿನ ಮ್ಯಾಲ ಹೆಸರು ಕೆತ್ತಿಸ್ಕೊಂಡು ನಿಂತಾನಲ್ಲೋ, ನೀ ಯಾಕ ಅಷ್ಟು ದೂರ ಹೊಂಟೀದಿ?"

"ಅಣ್ಣಾ, ಕನಗನಹಳ್ಳಿಗೆ ಹೋದ್ರ ಸಂಜೀಕ ತಿರುಗಿ ಬರ್ತೀನಿ. ನೀ ನೈಟ್ ಶಿಫ್ಟಿಗೆ ಹಾಕ್ತಿ."

ಈ ವ್ಯವಸ್ಥೆಗೆ ಏಟು ಬಿದ್ದದ್ದು 2023ರಲ್ಲಿ. ಸೆಪ್ಟೆಂಬರ್ 28ಕ್ಕೆ ಅನಂತ ಚತುರ್ದಶಿಯೂ ಈದ್ ಮಿಲಾದೂ ಕೂಡಿ ಬಂದವು. ಗಣಪತಿ ಕಳಿಸುವವರಿಗೂ ರಜೆ, ಜುಲೂಸಿಗೆ ಹೋಗುವವರಿಗೂ ರಜೆ. ಭಾಯಿಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು. ಕೊನೆಗೆ ವಾಡಿಯ ತಮ್ಮನೇ ಕೂತ. ಆದರೆ ನಾಗಪುರಕ್ಕೆ ಒಂದು ದಿನ ಹೆಚ್ಚಿಗೆ ಬರೆಸಿಕೊಂಡೇ ಕೂತ. ಬುದ್ಧನ ಕರುಣೆಗೂ ಓವರ್‌ಟೈಮ್ ದರವಿದೆ ಎಂದು ಅಂದು ತಿಳಿಯಿತು.

ಇಲ್ಲಿಯೇ, ಕಾಗಿಣಾ ದಂಡೆಯ ಈ ಮಳಖೇಡದಲ್ಲಿ, ಅಮೋಘವರ್ಷನ ಆಸ್ಥಾನದ ಶ್ರೀವಿಜಯ 9ನೆಯ ಶತಮಾನದಲ್ಲೇ ಕವಿರಾಜಮಾರ್ಗದಲ್ಲಿ ಹೇಳಿಟ್ಟಿದ್ದಾನೆ, ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದೇ ಬಂಗಾರವೆಂದು. ದೊಡ್ಡ ಮಾತು. ಆದರೆ ಅವನ ಕಾಲಕ್ಕೆ ಟಿಫನ್ ಡಬ್ಬಿ ಇರಲಿಲ್ಲ. ನಾವು ದಸರೆಗೆ ಬನ್ನಿ ಎಲೆಯನ್ನು ಬಂಗಾರವೆಂದು ಕೊಟ್ಟು ಕೈಮುಗಿದರೆ ಮುಗಿಯಲಿಲ್ಲ. ಶೇಂಗಾ ಹೋಳಿಗೆಯ ಡಬ್ಬಿ ಆ ಮನೆಗೆ ಹೋಗಬೇಕು, ಈದಿಗೆ ಅದೇ ಡಬ್ಬಿ ಸುರಕುಂಬಾ ತುಂಬಿಕೊಂಡು ಬರಬೇಕು. ಖಾಲಿ ಡಬ್ಬಿ ತಿರುಗಿಸುವ ಪದ್ಧತಿ ಎರಡೂ ಮನೆಗಳಲ್ಲಿಲ್ಲ. ಪರಧರ್ಮವನ್ನು ಮನಸ್ಸು ಸುಲಭವಾಗಿ ಸೈರಿಸುತ್ತದೆ, ಶುಗರ್ ಇದ್ದವರ ಮೈ ಸೈರಿಸಬೇಕಲ್ಲ! ಡಾಕ್ಟರು ರಿಪೋರ್ಟ್ ನೋಡಿ "ಯಾವ ಹಬ್ಬರೀ ಇದು?" ಎಂದರೆ ಒಂದೇ ಹೆಸರು ಹೇಳಲು ಬರುವುದಿಲ್ಲ.

ಮೊನ್ನೆ ಭಾಯಿ ಗಂಭೀರವಾಗಿ ಕಾಗದ ಹಿಡಿದು ಬಂದರು. ಅದರಲ್ಲಿದ್ದ ಲೆಕ್ಕ ಇಷ್ಟು: ಹಿಜರಿ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಸುಮಾರು 11 ದಿನ ಸಣ್ಣದು. ಹಿಂದೆ 2004, 2005, 2006ರಲ್ಲಿ ರಂಜಾನ್ ಈದೂ ದೀಪಾವಳಿಯೂ ಒಂದೇ ವಾರದಲ್ಲಿ ಬಿದ್ದಿದ್ದವು.

"2037ರ ಸುಮಾರಿಗೆ ಮತ್ತ ಕೂಡಿ ಬರ್ತಾವ್ರೀ. ಡ್ಯೂಟಿ ಯಾರ್ದಂತ ಈಗೇ ಬರ್ದಿಡ್ರಿ."

"ಆಗ ನಾವಿಬ್ರೂ ರಿಟೈರ್ ಆಗಿರ್ತೀವಲ್ಲ ಭಾಯಿ?"

"ಕಿಲ್ನ್ ರಿಟೈರ್ ಆಗ್ತದೇನ್ರೀ?" ಎನ್ನುತ್ತ ತಾಂಡಾದ ಹುಡುಗನ ಹೆಸರು ಬರೆದೇ ಬಿಟ್ಟರು. ಅವನು ನಮಗೆಲ್ಲ ಚಹಾ ತರಲು ಹೋಗಿದ್ದ.