ಉತ್ತರ ಸಂಜೆ ಆರಕ್ಕೆ

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಪಕ್ಕ ಒಂದು ಕರಿಹಲಗೆ ಇದೆ. ಎಡಭಾಗ ಸಂಘದ್ದು: ಟ್ಯಾಂಕರ್ ಎಷ್ಟು ಹೊತ್ತಿಗೆ, ಮೋಟಾರು ಎಂದು ಕೆಟ್ಟಿತು, ಮೇಂಟೆನೆನ್ಸ್ ಯಾರು ಕಟ್ಟಿಲ್ಲ. ಬಲಭಾಗ ನನ್ನದು. ಯಾರೂ ಕೊಟ್ಟದ್ದಲ್ಲ, ನಾನೇ ಹಿಡಿದುಕೊಂಡದ್ದು. ಬೆಂಗಳೂರಿನಲ್ಲಿ ಜಾಗ ಮಾಡಿಕೊಳ್ಳುವ ಕ್ರಮವೇ ಹಾಗೆ. ದಿನಾ ಬೆಳಿಗ್ಗೆ ಅಲ್ಲೊಂದು ರಸಪ್ರಶ್ನೆ ಬರೆದು, ಕೆಳಗೆ ‘ಉತ್ತರ ಸಂಜೆ ಆರಕ್ಕೆ’ ಎಂದು ಹಾಕುತ್ತೇನೆ. ಆರಕ್ಕೆ ಉತ್ತರ, ಅದರಡಿ ನನ್ನದೊಂದು ಟಿಪ್ಪಣಿ. ನಿಜ ಹೇಳಬೇಕೆಂದರೆ ಪ್ರಶ್ನೆ ಹುಟ್ಟುವುದೇ ಟಿಪ್ಪಣಿಗೋಸ್ಕರ. ಬೆಳಿಗ್ಗೆ ಪೇಪರ್ ಓದಿದಾಗ ಹೊಟ್ಟೆಯಲ್ಲಿ ಉರಿಯುವುದನ್ನು ಎಲ್ಲಾದರೂ ಬರೆಯಬೇಕಲ್ಲ.

ಈ ಚಟಕ್ಕೆ ಮೂಲ ದೂರದರ್ಶನ ಚಂದನದ ‘ಥಟ್ ಅಂತ ಹೇಳಿ’. 2002ರಿಂದ ಡಾ. ನಾ. ಸೋಮೇಶ್ವರ ಅವರು ಕೇಳಿದ ಪ್ರಶ್ನೆಗಳಿಗೆಲ್ಲ ನಾನು ಸೋಫಾದ ಮೇಲಿಂದ ಉತ್ತರ ಕೊಟ್ಟಿದ್ದೇನೆ. ಸರಿಯುತ್ತರಕ್ಕೆ ಅಲ್ಲಿ ಪುಸ್ತಕ ಬಹುಮಾನ. ಸೋಫಾದಲ್ಲಿ ಕೂತವರಿಗೂ ಕಳಿಸುವ ಪದ್ಧತಿ ಇದ್ದಿದ್ದರೆ ನಮ್ಮ ಮನೆಯಲ್ಲಿ ಮನುಷ್ಯರಿಗೆ ಜಾಗ ಉಳಿಯುತ್ತಿರಲಿಲ್ಲ ಎನ್ನುತ್ತಾರೆ ನಮ್ಮವರು. ನನ್ನ ಸ್ಪರ್ಧೆಯ ಬಹುಮಾನ ಒಂದು ಪೊಟ್ಟಣ ಹುರುಳಿಕಾಳಿನ ಚಟ್ನಿಪುಡಿ.

ಮೊದಮೊದಲು ನಿರಪಾಯದ ಪ್ರಶ್ನೆಗಳನ್ನೇ ಹಾಕುತ್ತಿದ್ದೆ. ಶನಿಗ್ರಹಕ್ಕೆ ಉಪಗ್ರಹ ಎಷ್ಟು? 274; 2025ರ ಮಾರ್ಚ್‌ನಲ್ಲಿ ಒಂದೇ ಸಲಕ್ಕೆ 128 ಹೊಸವು ಲೆಕ್ಕಕ್ಕೆ ಸೇರಿದವು. ಅಷ್ಟೊಂದು ಪರಿವಾರ ಇಟ್ಟುಕೊಂಡವನು ಏಳೂವರೆ ವರ್ಷಕ್ಕೇ ಬಿಟ್ಟು ಹೋಗುತ್ತಾನೆಯೇ ಎಂದು ಎರಡನೇ ಮಹಡಿಯ ನೀಲದುಂಗುರದ ಯಜಮಾನರು ಎರಡು ದಿನ ಮಂಕಾಗಿದ್ದರು. ಕರ್ನಾಟಕದ ಜನಸಂಖ್ಯೆ? 2011ರ ಗಣತಿಯಂತೆ 6.11 ಕೋಟಿ. ಟಿಪ್ಪಣಿ: ಆಮೇಲೆ ಗಣತಿಯೇ ನಡೆದಿಲ್ಲ, ಅದಾದ ಮೇಲೆ ಹುಟ್ಟಿದ ಮಗು ಹೈಸ್ಕೂಲಿಗೆ ಸೇರಿದ್ದರೂ ಎಣಿಕೆಯಲ್ಲಿ ಇನ್ನೂ ಹುಟ್ಟಿಲ್ಲ.

ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ, ಬಹುಮಾನದ 50,000 ಪೌಂಡ್ ಹಂಚಿಕೆ ಹೇಗೆ ಎಂದು ಕೇಳಿದ್ದೆ. ಲೇಖಕಿಗೆ ಅರ್ಧ, ಅನುವಾದಕಿ ದೀಪಾ ಭಾಸ್ತಿ ಅವರಿಗೆ ಅರ್ಧ. ಎಲ್ಲರೂ ಸರಿಯಾಗಿ ಹೇಳಿದರು, ರೂಪಾಯಿಗೆ ಪರಿವರ್ತಿಸಿಯೂ ಹೇಳಿದರು. ಮರುದಿನ ಅದರಲ್ಲಿರುವ ಹನ್ನೆರಡು ಕಥೆಗಳಲ್ಲಿ ಯಾವುದಾದರೊಂದರ ಹೆಸರು ಕೇಳಿದೆ. ಚಟ್ನಿಪುಡಿ ನನ್ನ ಬಳಿಯೇ ಉಳಿಯಿತು. ಸೆಪ್ಟೆಂಬರಿನಲ್ಲಿ ಅದೇ ಲೇಖಕಿ ಮೈಸೂರು ದಸರಾ ಉದ್ಘಾಟಿಸಬಾರದೆಂದು ಗದ್ದಲವೆದ್ದಾಗ ನನ್ನ ಟಿಪ್ಪಣಿ ಉದ್ದವಾಗಿ ಎಡಭಾಗದ ಟ್ಯಾಂಕರ್ ವೇಳೆಯನ್ನೂ ದಾಟಿತು. ಕಾರ್ಯದರ್ಶಿಗಳು ಒದ್ದೆ ಬಟ್ಟೆ ತಂದು ಒರೆಸಿದರು. ಒಂದು ಕಥೆಯನ್ನೂ ಓದದವರು ಆ ದಿನ ನನಗೆ ಸಾಹಿತ್ಯ ಹೇಳಿಕೊಟ್ಟರು.

ಇದೆಲ್ಲ ಪೀಠಿಕೆ. ಅಸಲು ಪ್ರಕರಣ ಡಿಸೆಂಬರಿನ ಒಂದು ಬೆಳಿಗ್ಗೆಯದು. ನಾನು ಬರೆದದ್ದು ಇಷ್ಟೇ: ನಮ್ಮ ವಾರ್ಡಿನ ಕಾರ್ಪೊರೇಟರ್ ಯಾರು?

ಮೊದಲು ಬಂದವರು ಹಾಲಿನ ಪಾಕೆಟ್ ಹಿಡಿದ ತಾತ. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಹೆಸರು ಹೇಳಿ ಕೈ ಚಾಚಿದರು.

‘ಅವರು ಮಾಜಿ, ತಾತ.’

‘ನಿಮಗೆ ಮಾಜಿ. ನನಗೆ ಅವರೇ. ಮೊಮ್ಮಗಳ ನಾಮಕರಣಕ್ಕೆ ಬಂದು ಊಟ ಮಾಡಿಕೊಂಡು ಹೋಗಿದ್ದಾರೆ.’

‘ಮೊಮ್ಮಗಳಿಗೀಗ ಎಷ್ಟು?’

‘ಒಂಬತ್ತು.’

ಅಷ್ಟರಲ್ಲಿ ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು ಇಳಿದರು. ಪ್ರಶ್ನೆಯೇ ಅಶಾಸ್ತ್ರೀಯ, ಮೊದಲು ವಾರ್ಡ್ ಯಾವುದೆಂದು ತೀರ್ಮಾನವಾಗಲಿ ಎಂದರು. ಮೊದಲಿದ್ದದ್ದು 198 ವಾರ್ಡ್. 2022ರಲ್ಲಿ ಅದನ್ನು 243 ಮಾಡಿದರು, 2023ರಲ್ಲಿ 225ಕ್ಕೆ ಇಳಿಸಿದರು. ಈಗ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ಪಾಲಿಕೆ, ಒಟ್ಟು 369 ವಾರ್ಡ್. ಮಧ್ಯೆ ಚುನಾವಣೆ ಮಾತ್ರ ಒಂದೂ ಇಲ್ಲ. ಇಷ್ಟನ್ನೂ ಮೇಷ್ಟ್ರು ನನ್ನ ಸೀಮೆಸುಣ್ಣ ಕಿತ್ತುಕೊಂಡು ನನ್ನ ಜಾಗದಲ್ಲೇ ಬರೆದರು.

ಜಿಮ್ಮಿಗೆ ಹೊರಟಿದ್ದ ಹುಡುಗ ‘ಒಂದ್ ಸೆಕೆಂಡ್ ಆಂಟಿ’ ಎಂದು ಫೋನನ್ನೇ ಕೇಳಿದ. ಈ ಜಾತಿಯವರನ್ನು ಕಂಡರೆ ನನಗಾಗದು. ಗೊತ್ತಿಲ್ಲ ಎನ್ನುವುದಕ್ಕೆ ಏನು ಕಷ್ಟ? ಫೋನು ಒಂದು ಹೆಸರು ಹೇಳಿತು. ತಾತ ಒಪ್ಪಲಿಲ್ಲ. ಹುಡುಗ ಮತ್ತೆ ಕೇಳಿದ. ಅದು ವಿನಯದಿಂದ ಕ್ಷಮೆ ಕೋರಿ ಇನ್ನೊಂದು ಹೆಸರು ಹೇಳಿತು. ಮೂರನೇ ಸಲ ಇನ್ನೂ ಹೆಚ್ಚು ವಿನಯದಿಂದ ಮೂರನೆಯದು. ಅದು ಬಸ್ ಸ್ಟಾಪಿನ ಬಳಿ ಕೆಡವಿಹಾಕಿದ ಸಿನಿಮಾ ಥಿಯೇಟರಿನ ಹೆಸರು. ‘ಆಗ ಅವರೂ ನಿಂತಿದ್ದರೇನೋ’ ಎಂದರು ತಾತ.

ಮೊದಲ ಮಹಡಿಯ ದಂಪತಿ ಕಾರಿನ ಕೀಲಿ ಹಿಡಿದು ಬಂದವರು ಅಲ್ಲೇ ನಿಂತರು. ನಮ್ಮ ಮುಂದಿನ ರಸ್ತೆಯೇ ಎರಡು ಪಾಲಿಕೆಗಳ ಗಡಿ, ಈಚೆ ಒಂದು, ಆಚೆ ಇನ್ನೊಂದು ಎಂದು ಗಂಡ. ಹಾಗಾದರೆ ರಸ್ತೆ ಯಾರದು ಎಂದು ಹೆಂಡತಿ. ಮಧ್ಯದಲ್ಲಿ ಗೆರೆ ಎಂದು ಗಂಡ. ಗೆರೆಯ ಮೇಲೇ ಇರುವ ಗುಂಡಿ? ಅರ್ಧರ್ಧ. ಆಕೆ ‘ಬೂಕರ್ ಬಹುಮಾನದ ಹಾಗೆ’ ಎಂದಾಗ ನನಗೆ ಆದ ಆನಂದವನ್ನು ಏನೆಂದು ಹೇಳಲಿ! ನನ್ನ ಹಲಗೆಯನ್ನು ಯಾರೋ ಒಬ್ಬರಾದರೂ ದಿನಾ ಓದುತ್ತಿದ್ದರು.

ಲಿಫ್ಟು ಮೇಲೆ ಹೋಗಲಿಲ್ಲ, ಬಾಗಿಲಿಗೆ ಯಾರದೋ ಬೆನ್ನು ಅಡ್ಡ ಇತ್ತು. ಅಡುಗೆಯವರು ಬಂದರು, ಶಾಲೆಯ ವ್ಯಾನು ಹಾರ್ನ್ ಹೊಡೆಯಿತು, ಹೂವಿನಾಕೆ ಮೊಳ ಹಾಕುವುದನ್ನು ನಿಲ್ಲಿಸಿ ತನ್ನ ವಾರ್ಡಿನದೂ ಹೇಳಿ ಎಂದಳು. ಕಾರ್ಯದರ್ಶಿಗಳು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಬಂದು ಏನೋ ಗದರಿದರು. ನೊರೆಯಲ್ಲಿ ‘ಮೇಂಟೆನೆನ್ಸ್’ ಎಂಬ ಒಂದು ಮಾತು ಮಾತ್ರ ಕೇಳಿಸಿತು. ಒಂದು ಸೀಮೆಸುಣ್ಣದ ತುಂಡಿನಿಂದ ಇಷ್ಟು ಜನರನ್ನು ಕೆಲಸಕ್ಕೆ ತಡ ಮಾಡಿಸಿದ್ದಕ್ಕೆ ನನಗೆ ನಾಚಿಕೆ ಆಗಬೇಕಿತ್ತು. ಆಯಿತು ಕೂಡ, ಸ್ವಲ್ಪ.

ಸಂಜೆ ಆರಕ್ಕೆ ಉತ್ತರ ಬರೆದೆ: ಯಾರೂ ಇಲ್ಲ. ಕೊನೆಯ ಚುನಾವಣೆ 2015ರ ಆಗಸ್ಟ್. ಆ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್. ಅಂದಿನಿಂದ ಆಡಳಿತಾಧಿಕಾರಿಗಳೇ ಎಲ್ಲ. ತಾತ ಕಿಡಿಕಿಡಿಯಾದರು. ಇಲ್ಲದವರ ಹೆಸರು ಕೇಳುವುದು ಯಾವ ಸೀಮೆ ರಸಪ್ರಶ್ನೆ?

ಗುಂಪಿನ ಹಿಂದೆ ಪೇಪರ್ ಹಾಕುವ ಹುಡುಗ ನಿಂತಿದ್ದ. ತಿಂಗಳ ದುಡ್ಡು ವಸೂಲಿಗೆ ಬಂದವನು. ಬಲಗೈ ಕೊರಳಿಗೆ ಜೋತುಬಿದ್ದಿತ್ತು. ನಸುಕಿನಲ್ಲಿ ಸೈಕಲ್ಲು ಆ ಗಡಿಗುಂಡಿಗೆ ಇಳಿದದ್ದಂತೆ. ‘ಹಂಗಾದ್ರೆ ಯಾರ್ಗೇಳ್ಬೇಕು ಆಂಟಿ?’ ಎಂದ. ಅವನು ಸ್ಪರ್ಧೆಗೆ ಸೇರಿರಲಿಲ್ಲ. ತಾತನೂ ಸುಮ್ಮನಾದರು. ಮೇಷ್ಟ್ರು ಒಂದು ಕಚೇರಿಯ ಹೆಸರು ಹೇಳಿ, ಹುಡುಗ ಅಲ್ಲಿಗೆ ಹೋಗಿಬಂದದ್ದೂ ಆಗಿದೆ ಎಂದು ತಿಳಿದ ಮೇಲೆ ಚಪ್ಪಲಿ ಸರಿಮಾಡಿಕೊಳ್ಳತೊಡಗಿದರು. ಅಂದು ನಾನು ಟಿಪ್ಪಣಿ ಬರೆಯಲಿಲ್ಲ. ಹುಡುಗನಿಗೆ ಚಟ್ನಿಪುಡಿ ಕೊಡಹೋದೆ; ಅವನು ಬಾಕಿ ದುಡ್ಡು ಕೇಳಿದ.

ಮರುದಿನ ಎಡಭಾಗದಲ್ಲಿ ಕಾರ್ಯದರ್ಶಿಗಳ ಅಪ್ಪಣೆ: ರಸಪ್ರಶ್ನೆಯಲ್ಲಿ ಪ್ರಚಲಿತ ವಿದ್ಯಮಾನ ನಿಷಿದ್ಧ, ಸ್ವಾತಂತ್ರ್ಯಪೂರ್ವ ಚರಿತ್ರೆ ಮಾತ್ರ. ನಾನು ಅಪ್ಪಣೆ ಮೀರುವವಳಲ್ಲ. ‘1862ರ ಮಾರ್ಚ್ 27ರಂದು ಹುಟ್ಟಿದ ಬೆಂಗಳೂರಿನ ಮೊದಲ ಪುರಸಭಾ ಮಂಡಳಿಯಲ್ಲಿ ಎಷ್ಟು ಮಂದಿ ಇದ್ದರು?’ ಎಂದು ಬರೆದೆ.

ಸಂಜೆ ಐದೂವರೆಗೆ ಬೆಲ್ಲಾಯಿತು. ಕಾರ್ಯದರ್ಶಿಗಳೇ. ‘ಹನ್ನೊಂದು’ ಎಂದರು ಮೆಲ್ಲನೆ, ಅತ್ತಿತ್ತ ನೋಡಿ. ‘ಊರಿನ ಪ್ರಮುಖರು ಒಂಬತ್ತು, ಸರ್ಕಾರಿ ಅಧಿಕಾರಿಗಳು ಎರಡು.’ ಪೊಟ್ಟಣ ಕೊಟ್ಟೆ. ತೆಗೆದುಕೊಂಡವರು ಹೋಗಲಿಲ್ಲ.

‘ಆ ಹನ್ನೊಂದರಲ್ಲಿ ನಮ್ಮ ಏರಿಯಾದವರು ಯಾರಾದರೂ?’

‘ಆಗ ನಮ್ಮ ಏರಿಯಾ ಕೆರೆಯಾಗಿತ್ತು, ಸಾರ್.’

ಅವರು ಪೊಟ್ಟಣವನ್ನು ಮೂಸಿ ನೋಡುತ್ತಾ ಸ್ವಲ್ಪ ಹೊತ್ತು ಯೋಚಿಸಿದರು. ‘ಹಾಗಾದರೆ ಕೆರೆಯ ಪರವಾಗಿ ಮಾತಾಡುವವರು ಯಾರಿದ್ದರು? ಅದನ್ನೇ ನಾಳೆ ಕೇಳಿ. ಸ್ವಾತಂತ್ರ್ಯಪೂರ್ವದ್ದೇ ಅಲ್ಲವೇ?’