ಇಣುಕು ಮೀಮಾಂಸೆ

ಅಥಾತೋ ಇಣುಕುಜಿಜ್ಞಾಸಾ.

ಇದು ಸೂತ್ರ. ‘ಅಥ’ ಎಂದರೆ ಆಮೇಲೆ. ಯಾವುದರ ಆಮೇಲೆ ಎಂಬಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ರೀಚಾರ್ಜ್ ಮಾಡಿಸಿದ ಆಮೇಲೆ ಎಂದು ಒಂದು ಪಂಥ, ಪಕ್ಕದ ಮನೆಯ ವೈಫೈ ಪಾಸ್‌ವರ್ಡ್ ಗೊತ್ತಾದ ಆಮೇಲೆ ಎಂದು ಇನ್ನೊಂದು. ಈ ಭಾಷ್ಯಕಾರನ ಮತ ಸ್ವಾನುಭವದ್ದು: ಮೈಸೂರುಪಾಕು ಹುಡುಕಿ ಸಿಕ್ಕಿಬಿದ್ದ ಆಮೇಲೆ.

ಪ್ರಸಂಗ ಹೀಗಿದೆ. ಡಾಕ್ಟರು ಸಿಹಿ ಬಿಡಿಸಿ ಎರಡು ವರ್ಷವಾಗಿತ್ತು. ಒಂದು ರಾತ್ರಿ ಹನ್ನೊಂದರ ಮೇಲೆ, ರಗ್ಗಿನೊಳಗೆ, ಮೊಬೈಲಿನ ಬೆಳಕು ತಗ್ಗಿಸಿ ಆ ಹೆಸರನ್ನು ಒಂದೇ ಒಂದು ಸಲ ಟೈಪಿಸಿದೆ. ತಿನ್ನಲಿಲ್ಲ, ನೋಡಿದೆ ಅಷ್ಟೆ. ಬೆಳಿಗ್ಗೆ ನಡುಮನೆಯಲ್ಲಿ ಟೀವಿ ಹಾಕಿದರೆ ತುಪ್ಪ ಸುರಿಯುವ ವಿಡಿಯೊಗಳು ಪಂಕ್ತಿಗೆ ಕೂತ ಹಾಗೆ ಸಾಲಾಗಿ ಕೂತಿವೆ. ನಮ್ಮ ಮನೆಯವರು ಕಾಫಿ ಲೋಟ ಕೆಳಗಿಟ್ಟು, “ಏನ್ರೀ, ಟೀವಿಗೂ ಶುಗರ್ ಬಂತಾ?” ಎಂದರು. ಮೊಬೈಲೂ ಟೀವಿಯೂ ಒಂದೇ ಅಕೌಂಟಿನ ಕೂಸುಗಳೆಂದು ನನಗೆ ಆಗ ತಿಳಿದಿರಲಿಲ್ಲ. ಸಾಂಖ್ಯರು ತಮ್ಮ ಶಾಸ್ತ್ರವನ್ನು ದುಃಖದಿಂದ ಆರಂಭಿಸಿದರು. ನನಗೂ ಬೇರೆ ದಾರಿ ಉಳಿಯಲಿಲ್ಲ.

ಪ್ರಮಾಣಗ್ರಂಥ ಯಾವುದು? ಅದು ನಮ್ಮೂರಿನಲ್ಲೇ ಸಿಕ್ಕಿತು. ಶತಮಾನಗಳ ಕಾಲ ಹೆಸರಷ್ಟೇ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ರುದ್ರಪಟ್ಟಣ ಶಾಮಶಾಸ್ತ್ರಿಗಳ ಕಣ್ಣಿಗೆ ಬಿತ್ತು. 1909ರಲ್ಲಿ ಅಚ್ಚಾಯಿತು. ಅದರ ಮೊದಲ ಅಧಿಕರಣದಲ್ಲಿ ಗೂಢಚಾರರ ವರ್ಗೀಕರಣವಿದೆ: ಒಂದೆಡೆ ಕೂತು ನೋಡುವವರು ಐದು ಬಗೆ, ಅಲೆದು ನೋಡುವವರು ನಾಲ್ಕು ಬಗೆ. ಕೌಟಿಲ್ಯ ಇದನ್ನು ಬರೆದದ್ದು ಅಂತರ್ಜಾಲದ ಕುರಿತೇ ಎಂಬುದು ನನ್ನ ಪ್ರತಿಪಾದನೆ. ಆಧಾರ? ಆರು ಸಾವಿರ ಶ್ಲೋಕದಷ್ಟು ದೊಡ್ಡ ಗ್ರಂಥದಲ್ಲಿ ಮೊಬೈಲ್ ಇಲ್ಲವೆಂದು ಆತ ಎಲ್ಲಿಯೂ ಹೇಳಿಲ್ಲ.

ಮೊದಲನೆಯವನು ಕಾಪಟಿಕ, ಪರರ ಮರ್ಮ ಬಲ್ಲ ಚುರುಕು ವಿದ್ಯಾರ್ಥಿ. ಇವನೇ ಕುಕಿ. ವಾರಾನ್ನದ ಹುಡುಗರನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಸೋಮವಾರ ವಕೀಲರ ಮನೆಯ ಊಟ, ಮಂಗಳವಾರ ಜೋಯಿಸರ ಮನೆ, ಬುಧವಾರ ಸೊಸೈಟಿ ಸೆಕ್ರೆಟರಿಯ ಮನೆ. ಹುಡುಗನದೇನೂ ದುರುದ್ದೇಶವಿಲ್ಲ, ಆದರೆ ಯಾರ ಮನೆಯಲ್ಲಿ ಸಾರಿಗೆ ಬೇಳೆ ಎಷ್ಟು ಬಿದ್ದಿತ್ತು ಎಂಬುದು ಗುರುವಾರದ ಹೊತ್ತಿಗೆ ಕೇರಿಗೆಲ್ಲ ಗೊತ್ತು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಕುಕಿಯನ್ನು ಹುಟ್ಟಿಸಿದ್ದು ಇದಕ್ಕಲ್ಲ. ಅಂಗಡಿಯ ತಾಣಕ್ಕೆ ಗಿರಾಕಿಯ ನೆನಪಿರಲಿ, ಬುಟ್ಟಿಗೆ ಹಾಕಿದ್ದು ಮರೆಯದಿರಲಿ ಎಂದು. ಆಯಾ ಮನೆಯ ಹುಡುಗ ಆಯಾ ಮನೆಯಲ್ಲೇ ಉಂಡರೆ ತಂಟೆಯಿಲ್ಲ. ಪತ್ರಿಕೆಯ ತಾಣದಲ್ಲಿ, ಸೀರೆಯಂಗಡಿಯಲ್ಲಿ, ಔಷಧದಂಗಡಿಯಲ್ಲಿ ಒಬ್ಬನೇ ಜಾಹೀರಾತಿನ ಹುಡುಗ ಎಲೆ ಹಾಕಿಸಿಕೊಂಡು ಕೂತಾಗ ಅವನಿಗೆ ‘ಥರ್ಡ್ ಪಾರ್ಟಿ’ ಎಂಬ ಬಿರುದು ಸಲ್ಲುತ್ತದೆ.

ಎರಡನೆಯವನು ಉದಾಸ್ಥಿತ. ಸನ್ಯಾಸ ಬಿಟ್ಟು ಬಂದವನು. ರಾಜ ಕೊಟ್ಟ ಭೂಮಿಯಲ್ಲಿ ದೊಡ್ಡ ವ್ಯವಸಾಯ ಹೂಡಿ ಬಂದ ಸನ್ಯಾಸಿಗಳಿಗೆಲ್ಲ ಊಟ, ಬಟ್ಟೆ, ವಸತಿ ಪುಕ್ಕಟೆ ಕೊಡುತ್ತಾನೆ, ಆಮೇಲೆ ಅವರಲ್ಲೇ ಕೆಲವರನ್ನು ತನ್ನ ಕೆಲಸಕ್ಕೆ ಹಚ್ಚುತ್ತಾನೆ. ಇಮೇಲು ಪುಕ್ಕಟೆ, ನಕ್ಷೆ ಪುಕ್ಕಟೆ, ಹುಡುಕಾಟ ಪುಕ್ಕಟೆ ಎಂದರೆ ಇನ್ನು ಭಾಷ್ಯ ಬೇಕೆ? ಮೂರನೆಯ ಗೃಹಪತಿಕ, ಬೇಸಾಯ ಕೆಟ್ಟ ಗೃಹಸ್ಥ. ಬಾಡಿಗೆ ಮನೆಗೆ ತನ್ನ ವೈಫೈಯನ್ನೇ ಹಂಚುವ ಓನರು ಈ ಜಾತಿ. ನಾಲ್ಕನೆಯ ವೈದೇಹಕ, ಕೆಟ್ಟುಹೋದ ವ್ಯಾಪಾರಿ. ಇವನ ಬಗ್ಗೆ ಹೊಸದಾಗಿ ಹೇಳುವಂಥದ್ದು ಇಲ್ಲ.

ಐದನೆಯ ತಾಪಸನ ಮುಂದೆ ಮಾತ್ರ ನಿಂತು ಕೈಮುಗಿಯಬೇಕು. ಬೋಳುತಲೆಯೋ ಜಟೆಯೋ ಇರುವ ಈತ ಊರಾಚೆ ಶಿಷ್ಯಸಮೂಹದೊಡನೆ ಬೀಡುಬಿಟ್ಟು, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಜನರೆದುರು ಹಿಡಿ ಸೊಪ್ಪು ತಿಂದು ತೋರಿಸುತ್ತಾನಂತೆ. ಕದ್ದು ಬೇಕಾದ್ದನ್ನು ಉಣ್ಣುತ್ತಾನಂತೆ. “ನಿಮ್ಮ ಯಾವ ದಾಖಲೆಯನ್ನೂ ಇಡುವುದಿಲ್ಲ, ಒಂದು ಪೈಸೆಯೂ ಬೇಡ” ಎನ್ನುವ ಪುಕ್ಕಟೆ ವಿಪಿಎನ್‌ನ ಇದಕ್ಕಿಂತ ನಿಖರ ವರ್ಣನೆಯನ್ನು ನಾನು ಓದಿಲ್ಲ. ವಿಪಿಎನ್ ಎಂದರೆ ಸುರಂಗ. ಸುರಂಗದೊಳಗೆ ನೀವು ಎಲ್ಲಿಗೆ ಹೋಗುತ್ತೀರೆಂಬುದು ಮೊಬೈಲ್ ಕಂಪನಿಗೆ ಕಾಣದು, ನಿಜ. ಆದರೆ ಸುರಂಗದ ಆ ಬಾಯಲ್ಲಿ ಕೂತವನಿಗೆ ಕಾಣುತ್ತದೆ. ಅನುಮಾನವನ್ನು ಒಬ್ಬನ ಹೆಗಲಿಂದ ಇಳಿಸಿ ಇನ್ನೊಬ್ಬನ ಹೆಗಲಿಗೆ ಹೊರಿಸುವ ಕ್ರಿಯೆಗೆ ವಿಪಿಎನ್ ಎಂದು ಹೆಸರು. ಕಾಸು ಪಡೆಯುವವನು ಸೊಪ್ಪು ತಿನ್ನುವ ನಾಟಕವಾಡಬೇಕಾದ ಅಗತ್ಯ ಅಷ್ಟಿಲ್ಲ ಎಂಬುದೊಂದು ಸಮಾಧಾನ.

ಅಲೆಯುವ ನಾಲ್ವರಲ್ಲಿ ಸತ್ರಿ ಲಕ್ಷಣ, ಶಕುನ ಕಲಿತು ಭವಿಷ್ಯ ಹೇಳುವವನು. ನೀವು ನಾಳೆ ಏನು ಕೊಳ್ಳುತ್ತೀರೆಂದು ನಿಮಗಿಂತ ಮೊದಲು ಹೇಳುವ ಆಲ್ಗಾರಿದಂ ಆತನೇ. ತೀಕ್ಷ್ಣನು ಕಾಸಿಗಾಗಿ ಆನೆಯ ಮೇಲೂ ಬೀಳುವವನು, ಅವನು ನಮ್ಮಂಥ ಸಕ್ಕರೆ ರೋಗಿಗಳ ತಂಟೆಗೆ ಬರುವುದು ಅಪರೂಪ. ರಸದನು ವಿಷ ಇಡುವವನು, ವಾಟ್ಸ್‌ಆ್ಯಪಿನಲ್ಲಿ ಮದುವೆಯ ಕರೆಯೋಲೆಯ ವೇಷದಲ್ಲಿ ಬರುವ ಎಪಿಕೆ ಫೈಲು. ಭಿಕ್ಷುಕಿಗೆ ಅಂತಃಪುರದವರೆಗೂ ಪ್ರವೇಶ. ಟಾರ್ಚ್ ಹಚ್ಚಲೆಂದು ಹಾಕಿಕೊಂಡ ಆ್ಯಪು “ತಾಯೀ, ಕಾಂಟ್ಯಾಕ್ಟು ಕೊಡಿ, ಮೈಕು ಕೊಡಿ, ಇರುವ ಜಾಗ ಹೇಳಿ” ಎಂದು ಬಾಗಿಲಲ್ಲಿ ನಿಂತಾಗ ನಾವು ‘ಅಲೋ’ ಎಂಬ ಹಿಡಿ ಅಕ್ಕಿ ಹಾಕುತ್ತೇವೆ.

ಇಲ್ಲಿಯವರೆಗೆ ಕೌಟಿಲ್ಯ ಸರಿ. ಎರಡು ಕಡೆ ಆತ ಎಡವಿದ್ದಾನೆ. ಒಂದು: ಗೂಢಚಾರರಿಗೆ ಒಬ್ಬರ ಗುರುತು ಇನ್ನೊಬ್ಬರಿಗೆ ಇರಕೂಡದು, ಮೂವರು ಬೇರೆಬೇರೆಯಾಗಿ ಒಂದೇ ಮಾತು ಹೇಳಿದರೆ ನಂಬಬೇಕು ಎಂಬುದು ಆತನ ನಿಯಮ. ಈಗಿನವರು ಒಂದೇ ಚಾಪೆಯ ಮೇಲೆ ಕೂತಿದ್ದಾರೆ. ನೀವೊಂದು ಪುಟ ತೆರೆದು ಅದು ಪೂರ್ತಿ ಮೂಡುವಷ್ಟರಲ್ಲಿ, ರೆಪ್ಪೆ ಬಡಿಯುವ ಹೊತ್ತಿಗೂ ಮೊದಲೇ, ನಿಮ್ಮ ಕಣ್ಣಿನ ಹರಾಜು ನಡೆದು ಮುಗಿದಿರುತ್ತದೆ. ಗೆದ್ದವನ ಜಾಹೀರಾತು ಪುಟದಲ್ಲಿ ಕೂರುತ್ತದೆ, ಸೋತವರೂ ನಿಮ್ಮ ವಿವರ ಓದಿಕೊಂಡೇ ಎದ್ದು ಹೋಗುತ್ತಾರೆ. ಎಪಿಎಂಸಿಯಲ್ಲಿ ಕೊತ್ತಂಬರಿ ಕಟ್ಟಿಗೂ ಇದಕ್ಕಿಂತ ಮರ್ಯಾದೆಯಿದೆ.

ಎರಡನೆಯದು ಸಂಬಳದ ವಿಚಾರ. ಕೂತು ನೋಡುವ ಐವರಿಗೆ ಸಾವಿರ ಪಣ, ಅಲೆಯುವವರಿಗೆ ಐನೂರು ಪಣ ಎಂದು ಆತ ರಾಜನ ಬೊಕ್ಕಸಕ್ಕೆ ಖರ್ಚು ಹಾಕಿದ. ನೋಡಿಸಿಕೊಳ್ಳುವವನೇ ಸಂಬಳ ಕೊಡುವ ಕಾಲ ಬರುತ್ತದೆಂದು ಆ ಮಹಾಬುದ್ಧಿಗೂ ಹೊಳೆಯಲಿಲ್ಲ. ತಿಂಗಳು ತಪ್ಪದೆ ನಮ್ಮಿಂದ ರೀಚಾರ್ಜ್ ಪಡೆಯುವ ಮೊಬೈಲ್ ಕಂಪನಿಗೆ ನಾವು ಹೋಗುವ ತಾಣದ ಹೆಸರು ತಿಳಿಯುತ್ತದೆ. ವಿಳಾಸ ಕೇಳುವ ಡಿಎನ್‌ಎಸ್ ಪ್ರಶ್ನೆ ಸಾಮಾನ್ಯವಾಗಿ ತೆರೆದ ಕಾರ್ಡಿನಲ್ಲೇ ಹೋಗುತ್ತದೆ. ಎಚ್‌ಟಿಟಿಪಿಎಸ್ ಇದ್ದರೆ ಪುಟದೊಳಗಿನದು ಮಾತ್ರ ಲಕೋಟೆಯಲ್ಲಿ. ಯಾವ ಅಂಗಡಿಗೆ ಹೋದಿರಿ, ಎಷ್ಟು ಹೊತ್ತು ನಿಂತಿರಿ, ಚೀಲ ಎಷ್ಟು ಭಾರವಿತ್ತು ಎಂಬುದು ಗೊತ್ತು, ಚೀಲದೊಳಗೇನಿತ್ತು ಗೊತ್ತಿಲ್ಲ. ಅಂಗಡಿ ಸಿಹಿತಿಂಡಿಯದಾಗಿದ್ದರೆ ಚೀಲ ಬಿಚ್ಚಿಸುವ ಪ್ರಮೇಯವೇನು? ಆಫೀಸಿನ ಲ್ಯಾಪ್‌ಟಾಪಿನಲ್ಲಿ ಲಕೋಟೆಯ ಭರವಸೆಯೂ ಬೇಡ. ಧಣಿಗಳು ತಮ್ಮದೇ ಸರ್ಟಿಫಿಕೇಟ್ ಕೂರಿಸಿದ್ದರೆ ಅದನ್ನು ಬಿಡಿಸಿ, ಓದಿ, ಮತ್ತೆ ಅಂಟಿಸಿ ಕಳಿಸಬಲ್ಲರು.

ಈಗ ಪೂರ್ವಪಕ್ಷ. “ನಾನು ಇನ್‌ಕಾಗ್ನಿಟೊದಲ್ಲಿ ನೋಡುತ್ತೇನೆ” ಎಂಬುದು ಅಜ್ಞಾತವಾಸದ ವಾದ. ಇದು ಮನೆಗೆ ಬಂದು ಸ್ವಂತ ಡೈರಿಯ ಹಾಳೆಯನ್ನು ಒಲೆಗೆ ಹಾಕಿದ ಹಾಗೆ. ಬೀದಿಯಲ್ಲಿ ನೋಡಿದವರು ನೋಡಿಯೇ ಇದ್ದಾರೆ. ಈ ಕುರಿತು ಅಮೆರಿಕದಲ್ಲಿ 2020ರಲ್ಲಿ ದಾವೆ ಬಿದ್ದು, ನೂರಾರು ಕೋಟಿ ದಾಖಲೆಗಳನ್ನು ಅಳಿಸಲು ಗೂಗಲ್ 2024ರಲ್ಲಿ ಒಪ್ಪಿಕೊಂಡಿತು. ಇನ್ನೂ ಸೂಕ್ಷ್ಮ ಸಂಗತಿ ವಿರಾಟಪರ್ವದಲ್ಲಿದೆ. ಭೀಮ ಹೆಸರು ಬದಲಿಸಿದ, ಸೌಟು ಹಿಡಿದ. ಆದರೆ ಕೀಚಕ ಸತ್ತ ರೀತಿ ಕೇಳಿದ್ದೇ ದುರ್ಯೋಧನನಿಗೆ ಕೊಂದವನಾರೆಂದು ಹೊಳೆಯಿತು. ಬ್ರೌಸರ್ ಫಿಂಗರ್‌ಪ್ರಿಂಟಿಂಗ್ ಎಂದರೆ ಇದೇ. ಪರದೆಯ ಅಳತೆ, ಫಾಂಟುಗಳು, ಭಾಷೆ, ಗಡಿಯಾರದ ವಲಯ ಎಲ್ಲ ಕೂಡಿಸಿ ನೋಡಿದರೆ, ಹೆಸರು ಹೇಳದಿದ್ದರೂ ‘ಇವನು ಅವನೇ’ ಎಂದು ಗೊತ್ತಾಗುತ್ತದೆ.

“ನನ್ನಲ್ಲೇನಿದೆ ಮುಚ್ಚಿಡೋಕೆ?” ಎಂಬುದು ಎರಡನೆಯ ಪೂರ್ವಪಕ್ಷ. ಹೀಗೆನ್ನುವವರು ತಪ್ಪದೆ ಫೋನಿಗೆ ಲಾಕ್ ಹಾಕಿರುತ್ತಾರೆ. ಅವರ ಹೆಬ್ಬೆರಳೇ ಅವರ ವಾದವನ್ನು ಖಂಡಿಸಿರುವುದರಿಂದ ನಾವು ಮುಂದೆ ಹೋಗಬಹುದು.

ರಾಜಪ್ರಕರಣವನ್ನು ಮೆಲುದನಿಯಲ್ಲಿ ಓದತಕ್ಕದ್ದು. ಐಟಿ ಕಾಯ್ದೆಯ 69ನೇ ಕಲಮಿನಡಿ, ಕಂಪ್ಯೂಟರಿನಲ್ಲಿ ಹಾಯುವ ಮಾಹಿತಿಯನ್ನು ತಡೆದು ನೋಡಲು 10 ಸಂಸ್ಥೆಗಳನ್ನು ಕೇಂದ್ರ ಸರ್ಕಾರ 2018ರ ಡಿಸೆಂಬರ್ 20ರಂದು ಹೆಸರಿಸಿತು. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ವಿಪಿಎನ್ ಕಂಪನಿಗಳು ಗಿರಾಕಿಯ ವಿವರವನ್ನು 5 ವರ್ಷ ಇಟ್ಟುಕೊಂಡಿರಬೇಕೆಂದಿತು. ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್, ಸರ್ಫ್‌ಶಾರ್ಕ್ ತಮ್ಮ ಭಾರತದ ಸರ್ವರುಗಳ ಗಂಟುಮೂಟೆ ಕಟ್ಟಿದವು. ಇದಕ್ಕೆಲ್ಲ ಎದುರಾಗಿ ನಿಲ್ಲುವ ದೊಡ್ಡ ತೀರ್ಪೂ ನಮ್ಮ ಸೀಮೆಯವರ ಹೆಸರಿನಲ್ಲೇ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದರು. ಆ ವಯಸ್ಸಿನಲ್ಲಿ ನಾನು ಬಹುಶಃ ರಗ್ಗಿನೊಳಗೇ ಇರುತ್ತೇನೆ.

ಉಳಿದದ್ದು ಗೋಪನಪ್ರಕರಣ. ಇದನ್ನು ಭಾಷ್ಯಕಾರ ಸ್ವತಃ ಆಚರಿಸಿ ಬರೆದಿದ್ದಾನೆ. ಬ್ರೌಸರಿನ ಸೆಟ್ಟಿಂಗಿಗೆ ಹೋಗಿ ಥರ್ಡ್ ಪಾರ್ಟಿ ಕುಕಿ ನಿಲ್ಲಿಸಿದೆ, ವಾರಾನ್ನದ ಹುಡುಗನಿಗೆ ಬೇರೆ ಮನೆ ನೋಡಿಕೋ ಎಂದೆ. ಆಂಡ್ರಾಯ್ಡ್ ಫೋನಿನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಹಾಕಿದ್ದರಿಂದ ತೆರೆದ ಕಾರ್ಡುಗಳು ಲಕೋಟೆಗೆ ಬಂದವು (ಉತ್ತರ ಕೊಡುವವನಿಗೆ ಈಗಲೂ ಎಲ್ಲ ಗೊತ್ತು). ಜಾಹೀರಾತು ಐಡಿ ಅಳಿಸಿದೆ. ಇರುವ ಜಾಗವನ್ನು ‘ಆ್ಯಪ್ ಬಳಸುವಾಗ ಮಾತ್ರ’ ಎಂಬುದಕ್ಕೆ ಇಳಿಸಿದೆ, ಟಾರ್ಚಿನ ಭಿಕ್ಷುಕಿಯನ್ನು ಅನ್‌ಇನ್‌ಸ್ಟಾಲ್ ಮಾಡಿ ಕಳಿಸಿದೆ. ಟೀವಿಗೆ ಬೇರೆಯೇ ಅಕೌಂಟ್ ತೆರೆದು, ಹಳೆಯದರ ಹುಡುಕಾಟದ ಚರಿತ್ರೆಯಲ್ಲಿ ಮೂರು ತಿಂಗಳು ದಾಟಿದ್ದು ತಾನಾಗಿ ಅಳಿಯುವಂತೆ ಇಟ್ಟೆ. ಟಾರ್ ಬ್ರೌಸರ್ ಮೂರು ಮನೆ ದಾಟಿಸಿ ಒಯ್ಯುತ್ತದೆ. ಮೊದಲ ಮನೆಯವನಿಗೆ ಹೊರಟವರು ಗೊತ್ತು, ಮೂರನೆಯವನಿಗೆ ತಲಪುವ ಜಾಗ ಗೊತ್ತು, ಎರಡೂ ಗೊತ್ತಿರುವವನು ಯಾರೂ ಇಲ್ಲ. ನಿಧಾನ ಜಾಸ್ತಿ, ಆದರೆ ಮೈಸೂರುಪಾಕಿಗೆ ಅವಸರವೇನು.

ಇಷ್ಟೆಲ್ಲ ಬಂದೋಬಸ್ತಿನ ನಡುವೆ ಹದಿನೈದು ದಿನ ಕೂತು ಈ ಗ್ರಂಥ ಬರೆದೆ. ಟೀವಿ ಒಂದು ಸಲವೂ ಬಾಯಿಬಿಡಲಿಲ್ಲ. ಮುಂದಿನ ಪ್ರಕರಣ ‘ಫಲಶ್ರುತಿ’. ದುರದೃಷ್ಟವಶಾತ್ ಹಸ್ತಪ್ರತಿಯ ಕೊನೆಯ ಹಾಳೆಯಲ್ಲಿ ನಾಲ್ಕು ಸಾಲು ಜಿಡ್ಡಿನಿಂದ ಮಸುಕಾಗಿ ಓದಲು ಬರುತ್ತಿಲ್ಲ, ಅಂಚಿನಲ್ಲಿ ಎರಡು ಬೆರಳಿನ ಗುರುತೂ ಇದೆ. ಅದು ತಾಳೆಗರಿ ಕಾಪಾಡಲು ಹಚ್ಚುವ ಸಿಟ್ರೊನೆಲ್ಲಾ ಎಣ್ಣೆಯೆಂದು ಭಾಷ್ಯಕಾರ ಸಪ್ರಮಾಣವಾಗಿ ವಾದಿಸಿದ್ದಾನೆ. ನಮ್ಮ ಮನೆಯವರು ಹಾಳೆಯನ್ನು ಕೈಗೆತ್ತಿಕೊಂಡು ಒಮ್ಮೆ ಮೂಸಿ ನೋಡಿದರು.