ದಾರಿ ಕೇಳಿದರೆ ವಂಶ ಹೇಳುವವರು

ಅವಸರದಲ್ಲಿರುವವರು ಪಶ್ಚಿಮ ಐರ್ಲೆಂಡಿನ ಹಳ್ಳಿಯ ಪಬ್ಬಿನಲ್ಲಿ, ಟೋಪಿ ತೆಗೆಯದೆ ಕೂತಿರುವ ಅಜ್ಜನ ಬಳಿ ಓ'ಸಲಿವನ್‌ರ ಮನೆ ಎಲ್ಲಿ ಎಂದು ಕೇಳಬಾರದು. ಯಾವ ಓ'ಸಲಿವನ್ ಎಂದು ಆತ ತಿರುಗಿ ಕೇಳುತ್ತಾನೆ. ಆಮೇಲೆ ಆ ಮನೆಯ ತಾತ, ತಾತ ಕುದುರೆ ಕೊಂಡು ಮೋಸಹೋದ ಸಂತೆ, ಸಂತೆಯಲ್ಲಿ ಹೊಡೆದಾಡಿದವರ ನಂಟಸ್ತಿಕೆ; ಎಲ್ಲ ಮುಗಿದ ಮೇಲೆ, ಆ ಮನೆಯವರು ಬಾಸ್ಟನ್‌ಗೆ ಹೋಗಿ ಎಷ್ಟೋ ವರ್ಷವಾಯಿತೆಂಬ ಸಮಾಚಾರ. ಕೇಳಿದವರು ಹಲ್ಲು ಕಡಿಯುವುದು ಸಹಜ. ಆದರೂ ಇದನ್ನು ಕಾಡುಹರಟೆ ಎನ್ನುವಂತಿಲ್ಲ. ಬೇರಾ ಪರ್ಯಾಯದ್ವೀಪದಂಥ ಕಡೆ ಎತ್ತ ತಿರುಗಿದರೂ ಓ'ಸಲಿವನ್‌ಗಳೇ. ಅಪ್ಪ-ಅಜ್ಜಂದಿರ ಹೆಸರನ್ನೋ ಅಡ್ಡಹೆಸರನ್ನೋ ಸೇರಿಸದೆ ಗುರುತು ಹತ್ತದು. ದೇಶಕ್ಕೆಲ್ಲ ಪಿನ್‌ಕೋಡಿನಂಥ ಏರ್ಪಾಡು ಬಂದದ್ದೇ 2015ರಲ್ಲಿ. ಹಳ್ಳಿಗಾಡಿನ ಎಷ್ಟೋ ಮನೆಗಳಿಗೆ ಒಂದೇ ವಿಳಾಸ. ವಂಶಾವಳಿಯೇ ಅಲ್ಲಿ ಮನೆ ನಂಬರು. ಸ್ವಲ್ಪ ಉದ್ದ, ಅಷ್ಟೆ.

ಇಂಥ ಹಿರಿಯರು ಸುಳ್ಳು ಬೆರೆಸುತ್ತಾರಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. 1909ರ ಜನವರಿಯಲ್ಲಿ, ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ 5 ಶಿಲಿಂಗ್‌ವರೆಗೆ ಪಿಂಚಣಿ ಶುರುವಾಯಿತು. ಎಲ್ಲರ ಜನನ ನೋಂದಣಿ ಆರಂಭವಾದದ್ದು 1864ರಲ್ಲಿ. ಮುದುಕರ ಬಳಿ ಕಾಗದವೆಲ್ಲಿ? ಹಾಗಾಗಿ 1839ರ ಜನವರಿ 6ರ ರಾತ್ರಿಯ ಮಹಾಬಿರುಗಾಳಿ ನೆನಪಿದೆಯೇ ಎಂಬ ಪ್ರಶ್ನೆಯೇ ವಯಸ್ಸಿನ ಪರೀಕ್ಷೆಯಾಯಿತು. ನೆನಪಿಲ್ಲ ಎನ್ನಲು ಅವರಿಗೇನು ತಲೆ ಕೆಟ್ಟಿತ್ತೇ? ಆಗಿನ್ನೂ ಹುಟ್ಟಿರದವರಿಗೂ ಚಾವಣಿ ಹಾರಿದ್ದು ಕಣ್ಣಿಗೆ ಕಟ್ಟಿದಂತಿತ್ತು. ನಗೋಣ, ತಪ್ಪಿಲ್ಲ. ಆದರೆ ಆ ರಾತ್ರಿಯ ಮಾತು ಎಪ್ಪತ್ತು ವರ್ಷ ಒಲೆಯ ಮುಂದೆ ಬಾಯಿಂದ ಬಾಯಿಗೆ ಬಂದಿರದಿದ್ದರೆ, ಹುಟ್ಟದವರು ಅದನ್ನು ಹೇಳುವುದಾದರೂ ಹೇಗೆ? ವಯಸ್ಸು ಸುಳ್ಳು, ಗಾಳಿ ನಿಜ. ಹೊಲದ ನಡುವಿನ ಪುರಾತನ ದುಂಡು ದಿಬ್ಬಗಳಲ್ಲಿ ‘ಒಳ್ಳೆಯ ಜನ’ ಎಂದು ಕರೆಯುವ ಮಾಯಾಜೀವಿಗಳು ಇದ್ದಾರೆ, ಮುಟ್ಟಿದರೆ ಕೆಡುಕು ಎಂದು ಹೆದರಿಸಿದವರೂ ಇವರೇ. ಆ ಭಯವಿಲ್ಲದಿದ್ದರೆ ಇನ್ನೂ ಎಷ್ಟೋ ದಿಬ್ಬಗಳು ನೇಗಿಲ ಪಾಲಾಗುತ್ತಿದ್ದವು. ಬುಲ್ಡೋಜರಿಗೆ ಮಾತ್ರ ಯಾವ ದೆವ್ವದ ಭಯವೂ ಇಲ್ಲ.

ಈ ಮಾತುಗಳ ಬೆಲೆ ಸರ್ಕಾರಕ್ಕೂ ತಿಳಿದಿತ್ತೆನ್ನಬೇಕು. 1937ರಿಂದ 1939ರವರೆಗೆ ಜಾನಪದ ಆಯೋಗವು ಸುಮಾರು 5,000 ಶಾಲೆಗಳ ಮಕ್ಕಳನ್ನು ಇಂಥ ಅಜ್ಜ-ಅಜ್ಜಿಯರ ಬಳಿಗೆ ಕಳಿಸಿ, ಹೇಳಿದ್ದನ್ನೆಲ್ಲ ಬರೆಸಿತು. ತಾಳ್ಮೆಯಿಂದ ಕೇಳುವವರು ಸಿಕ್ಕ ಆ ಹಿರಿಯರ ಸಂಭ್ರಮವನ್ನು ಊಹಿಸಬಹುದು. ಆ ಲಕ್ಷಾಂತರ ಪುಟಗಳು ಈಗ ಡಬ್ಲಿನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿವೆ. ಸುಳ್ಳೂ ಅವುಗಳಲ್ಲಿ ಬೇಕಾದಷ್ಟಿದೆ. ಹೇಳಿದವರ ಹೆಸರು, ವಯಸ್ಸು, ಊರನ್ನು ಎಷ್ಟೋ ಕಡೆ ಜೊತೆಗೇ ಬರೆದಿಟ್ಟಿದ್ದಾರೆ.